ಮನೆಯ ಗಣಕಕ್ಕೊಬ್ಬ ನೀರುಗಂಟಿ

ಪಾಲಾರ್ ನದಿಯ ದಂಡೆಯ ಮೇಲಿರುವ ಬೇತಮಂಗಲಕ್ಕೆ ಹೆಸರು ತಂದದ್ದು ಅಲ್ಲಿನ ದೊಡ್ಡ ಕೆರೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಕೋಲಾರದ ಚಿನ್ನದ ಗಣಿಗಳಿಗೂ, ಗಣಿ ಕಾರ್ಮಿಕರ ಲೈನು ಮನೆಗಳಿಗೂ ನೀರು ಹೋದದ್ದು ಇಲ್ಲಿಂದಲೇ. ಕೆರೆಗಳ ಸೀಮೆಯಾದ ಕೋಲಾರದಲ್ಲಿ ಏರಿ, ತೂಬು, ಕೋಡಿ ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಏರಿ ಎಷ್ಟೇ ಭದ್ರವಾಗಿರಲಿ, ರಾತ್ರೋರಾತ್ರಿ ಯಾರೋ ತೂಬು ಎತ್ತಿದರೆ ಬೆಳಗಾಗುವಷ್ಟರಲ್ಲಿ ಕೆರೆ ಬರಿದು. ಅದಕ್ಕೇ ಹಿರಿಯರು ತೂಬಿನ ಹೊಣೆಯನ್ನು ಒಬ್ಬನಿಗೆ ಒಪ್ಪಿಸಿದರು. ಅವನೇ ನೀರುಗಂಟಿ. ಯಾರ ಗದ್ದೆಗೆ ಎಷ್ಟು ನೀರು, ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅವನ ಲೆಕ್ಕ.

ಬ್ಯಾಂಕಿನಲ್ಲಿಟ್ಟ ಹಣದ ಕಥೆಯೂ ಇದೇ. ಬ್ಯಾಂಕಿನ ಏರಿ ಗಟ್ಟಿಯಾಗಿಯೇ ಇರುತ್ತದೆ. ಆದರೆ ಮನೆಯ ಗಣಕಯಂತ್ರದಿಂದಲೇ ವ್ಯವಹಾರ ಮಾಡುವ ಈ ಕಾಲದಲ್ಲಿ ತೂಬು ಮಾತ್ರ ನಮ್ಮ ಮನೆಯೊಳಗೇ ಬಂದು ಕೂತಿದೆ. ಅದನ್ನು ಕಾಯುವವರು ಯಾರು?

ಗಣಿ ಮುಚ್ಚಿದ ವರ್ಷ

2001ನೇ ಇಸವಿ ಈ ಭಾಗದ ಜನ ಮರೆಯಲಾಗದ ವರ್ಷ. ಆ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಬಾಗಿಲು ಮುಚ್ಚಿತು. ಗಣಿಯನ್ನೇ ನಂಬಿದ್ದ ಮನೆಗಳ ಮಕ್ಕಳು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕೆಲಸಗಳಿಗೆ ಹೋಗತೊಡಗಿದರು.

ಅದೇ ವರ್ಷ ಜೂನ್ 14ರಂದು ರಿಸರ್ವ್ ಬ್ಯಾಂಕ್ ಅಂತರ್ಜಾಲ ಬ್ಯಾಂಕಿಂಗ್ ಕುರಿತು ದೇಶದ ಬ್ಯಾಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪ್ರತ್ಯೇಕ ಪೊಲೀಸ್ ಠಾಣೆಯೂ ಬಂತು. ಹಣ ಕಂಬಿಯ ಮೇಲೆ ಓಡತೊಡಗಿದಾಗ ಕಳ್ಳನೂ ಕಂಬಿ ಹತ್ತುತ್ತಾನೆಂದು ಕರ್ನಾಟಕ ಬೇಗನೇ ಅರಿತಿತ್ತು ಎನ್ನಬೇಕು.

ಆಮೇಲಿನದು ಓಟ. 2005ರಲ್ಲಿ ನೆಫ್ಟ್, 2010ರಲ್ಲಿ ಐಎಂಪಿಎಸ್, 2016ರಲ್ಲಿ ಯುಪಿಐ ಬಂದವು. 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲು ರಾತ್ರಿ, ಭಾನುವಾರ ಹಬ್ಬ ಎನ್ನದೆ ನಡೆಯುತ್ತಿದೆ. ಅಪ್ಪ ಬೆಂಗಳೂರಿನಲ್ಲಿ ದುಡಿದದ್ದು ಬೇತಮಂಗಲದಲ್ಲಿರುವ ಅಮ್ಮನ ಖಾತೆಗೆ ನಿಮಿಷಗಳಲ್ಲಿ ಬಂದು ಬೀಳುತ್ತದೆ. ಅಷ್ಟೇ ವೇಗದಲ್ಲಿ ಬೇರೆಡೆಗೂ ಹೋಗಬಲ್ಲದು ಎಂಬುದು ಇದರ ಇನ್ನೊಂದು ಮುಖ.

ಒಂದು ಭಾನುವಾರ ಸಂಜೆ

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು. ಅಮ್ಮ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು. ಹಾಲಿನ ಬಟವಾಡೆ ನೇರ ಬ್ಯಾಂಕಿಗೆ ಬರುತ್ತದೆ. ಮಗಳಿಗೆ ಸಿಇಟಿಯಲ್ಲಿ ಸೀಟು ಸಿಕ್ಕಿದೆ. ಫೀಸು ಕಟ್ಟಲು ಮೂರೇ ದಿನ ಉಳಿದಿದೆ. ಅದಕ್ಕಾಗಿ ಕೂಡಿಟ್ಟ ಹಣ ಖಾತೆಯಲ್ಲಿದೆ. ಮನೆಯಲ್ಲೊಂದು ಹಳೆಯ ಗಣಕ. ಅದರಲ್ಲಿ ಮಗಳು ಅರ್ಜಿ ತುಂಬುತ್ತಾಳೆ, ಅಪ್ಪ ಬ್ಯಾಂಕ್ ನೋಡುತ್ತಾರೆ, ಪಿಯುಸಿ ಓದುವ ಮಗ ಗೆಳೆಯನ ಪೆನ್ ಡ್ರೈವ್‌ನಿಂದ ತಂದ ಆಟ ಆಡುತ್ತಾನೆ.

ಭಾನುವಾರ ಸಂಜೆ ಅಪ್ಪನ ಫೋನಿಗೆ ಒಂದು ಸಂದೇಶ: ‘ನಿಮ್ಮ ಕೆವೈಸಿ ಮುಗಿದಿದೆ. ಇಂದು ರಾತ್ರಿ ಖಾತೆ ನಿಲ್ಲಿಸಲಾಗುವುದು. ಕೂಡಲೇ ಈ ಕೊಂಡಿ ಒತ್ತಿ.’ ಬೆಳಗಾದರೆ ಫೀಸು ಕಟ್ಟಬೇಕು. ಖಾತೆ ನಿಂತರೆ ಗತಿಯೇನು? ಅಪ್ಪ ಗಾಬರಿಯಿಂದ ಗಣಕದ ಮುಂದೆ ಕೂರುತ್ತಾರೆ. ಬ್ಯಾಂಕಿನದೇ ಬಣ್ಣ, ಬ್ಯಾಂಕಿನದೇ ಗುರುತು. ಹೆಸರು, ಪಾಸ್‌ವರ್ಡ್ ಬೆರಳಚ್ಚಿಸುತ್ತಾರೆ. ಅಷ್ಟರಲ್ಲಿ ಫೋನಿಗೆ ಒಟಿಪಿ ಬರುತ್ತದೆ. ಅದನ್ನೂ ಹಾಕುತ್ತಾರೆ. ‘ಧನ್ಯವಾದ’ ಎಂಬ ಅಕ್ಷರ ಮೂಡುತ್ತದೆ. ಮರುಗಳಿಗೆಯಲ್ಲೇ ಇನ್ನೊಂದು ಸಂದೇಶ: ಖಾತೆಯಿಂದ 48,000 ರೂಪಾಯಿ ಹೋಗಿದೆ.

“ಆ ಒಟಿಪಿ ಮೆಸೇಜು ಪೂರ್ತಿ ಓದಿದೆಯೇನಪ್ಪಾ?” ಎಂದು ಮಗಳು ಫೋನು ತೆಗೆದು ನೋಡುತ್ತಾಳೆ. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ಇದು ಹಣ ವರ್ಗಾವಣೆಯ ಒಟಿಪಿ, ಮೊತ್ತ ಇಷ್ಟು, ಯಾರಿಗೂ ಹೇಳಬೇಡಿ. ಗಾಬರಿಯಲ್ಲಿ ಅಪ್ಪ ಅಂಕಿಗಳನ್ನಷ್ಟೇ ನೋಡಿದ್ದರು. ಅಕ್ಷರ ನೋಡಿರಲಿಲ್ಲ.

ಮನೆ ಕಲ್ಪನೆಯದು. ಆದರೆ ಇದರ ಪ್ರತಿ ಹೆಜ್ಜೆಯೂ ನಾಡಿನ ಯಾವುದಾದರೊಂದು ಮನೆಯಲ್ಲಿ ನಿತ್ಯ ನಡೆಯುವಂಥದ್ದು. ಇಲ್ಲಿ ಬ್ಯಾಂಕಿನ ಗೋಡೆಯನ್ನು ಯಾರೂ ಒಡೆಯಲಿಲ್ಲ. ಮನೆಯವರ ಕೈಯಿಂದಲೇ ತೂಬು ಎತ್ತಿಸಲಾಯಿತು.

ವಿಳಾಸವನ್ನು ಕೊನೆಯಿಂದ ಓದಿ

ಮೋಸದ ಪುಟವನ್ನು ಗುರುತಿಸುವುದು ಹೇಗೆ? ಬಣ್ಣ, ಗುರುತು, ಅಕ್ಷರ ಎಲ್ಲವನ್ನೂ ನಕಲು ಮಾಡಬಹುದು. ನಕಲು ಮಾಡಲಾಗದ್ದು ಮೇಲಿನ ಪಟ್ಟಿಯಲ್ಲಿರುವ ವಿಳಾಸವೊಂದೇ. ಅದನ್ನು ಓದುವ ಕ್ರಮ ತಿಳಿದಿರಬೇಕು.

ಅಂಚೆ ಲಕೋಟೆಯನ್ನು ನೆನೆಯಿರಿ. ಮೊದಲ ಸಾಲಿನಲ್ಲಿ ‘ಬೇತಮಂಗಲ’ ಎಂದು ದಪ್ಪಕ್ಷರದಲ್ಲಿ ಬರೆದು, ಕೊನೆಯ ಸಾಲಿನಲ್ಲಿ ಬೇರೆ ಜಿಲ್ಲೆ, ಬೇರೆ ಪಿನ್‌ಕೋಡ್ ಹಾಕಿದರೆ ಕಾಗದ ಎಲ್ಲಿಗೆ ಹೋಗುತ್ತದೆ? ಕೊನೆಯ ಸಾಲು ಹೇಳಿದ ಕಡೆಗೆ. ಅಂತರ್ಜಾಲದ ವಿಳಾಸವೂ ಹಾಗೆಯೇ. ಮೊದಲ ಓರೆಗೆರೆ ಬರುವವರೆಗಿನ ಭಾಗದಲ್ಲಿ ಕೊನೆಯ ಪದಗಳೇ ಯಜಮಾನರು. ಮುಂದೆ ಬ್ಯಾಂಕಿನ ಹೆಸರಿದ್ದು, ಓರೆಗೆರೆಗೆ ಮುಂಚಿನ ಕೊನೆಯ ಪದಗಳು ‘ಕೆವೈಸಿ-ಅಪ್‌ಡೇಟ್’ ಎಂದೋ ಮತ್ತೇನೋ ಆಗಿದ್ದರೆ ಆ ಪುಟ ಬ್ಯಾಂಕಿನದಲ್ಲ.

ಇದನ್ನು ಸುಲಭ ಮಾಡಲೆಂದೇ ರಿಸರ್ವ್ ಬ್ಯಾಂಕ್ 2025ರಲ್ಲಿ ಒಂದು ಹೆಜ್ಜೆ ಇಟ್ಟಿತು. ಭಾರತದ ಬ್ಯಾಂಕುಗಳಿಗೆಂದೇ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸವನ್ನು ಮೀಸಲಿಟ್ಟು, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಹೇಳಿತು. ಈ ಬಾಲ ಬೇರೆಯವರಿಗೆ ಸಿಗುವುದಿಲ್ಲ. ಹಾಗಾಗಿ ಕೊನೆಯಲ್ಲಿ ಈ ಎರಡು ಪದ ಇವೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಬೀಗದ ಚಿತ್ರವಿದ್ದರೆ ಸುರಕ್ಷಿತ ಎಂಬ ಹಳೆಯ ಪಾಠವೊಂದಿದೆ. ಅದು ಅರ್ಧ ಸತ್ಯ. ನಿಮ್ಮ ಗಣಕಕ್ಕೂ ಆ ತಾಣಕ್ಕೂ ನಡುವಿನ ಮಾತು ಗುಪ್ತವಾಗಿದೆ ಎಂದಷ್ಟೇ ಬೀಗ ಹೇಳುತ್ತದೆ. ಆ ಕಡೆ ಕೂತವನು ಸಾಚಾ ಎಂದು ಹೇಳುವುದಿಲ್ಲ. ಕಳ್ಳನೂ ತನ್ನ ಪುಟಕ್ಕೆ ಬೀಗ ಹಾಕಿಕೊಳ್ಳಬಹುದು. ಜನ ತಪ್ಪು ತಿಳಿಯುತ್ತಾರೆಂಬ ಕಾರಣಕ್ಕೇ 2023ರಲ್ಲಿ ಕ್ರೋಮ್ ಬ್ರೌಸರ್ ಬೀಗದ ಚಿತ್ರವನ್ನು ಕೈಬಿಟ್ಟಿತು.

ಎಲ್ಲಕ್ಕಿಂತ ಸರಳ ಉಪಾಯವೆಂದರೆ ಸಂದೇಶದ ಕೊಂಡಿಯಿಂದ ಬ್ಯಾಂಕಿಗೆ ಹೋಗದಿರುವುದು. ಬ್ಯಾಂಕಿನ ವಿಳಾಸವನ್ನು ಶಾಖೆಯಲ್ಲಿ ಕೇಳಿ ಬರೆದುಕೊಂಡು, ಒಮ್ಮೆ ಕೈಯಾರೆ ಬೆರಳಚ್ಚಿಸಿ, ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಮುಂದೆ ಅದೇ ಬಾಗಿಲು. ಸಹಾಯವಾಣಿಯ ಸಂಖ್ಯೆಯನ್ನೂ ಹುಡುಕುತಾಣದಲ್ಲಿ ಅರಸಬಾರದು. ಅಲ್ಲಿ ಮೋಸಗಾರರು ತಮ್ಮ ಸಂಖ್ಯೆಯನ್ನೇ ತೂರಿಸಿರುತ್ತಾರೆ. ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಸರಿಯಾದ ಸಂಖ್ಯೆ ಇದ್ದೇ ಇರುತ್ತದೆ.

ಬ್ಯಾಂಕುಗಳ ಹೆಸರು ಬದಲಾಗುವ ಸಮಯವಂತೂ ಮೋಸಗಾರರಿಗೆ ಸುಗ್ಗಿ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ‘ಬ್ಯಾಂಕ್ ಬದಲಾಗಿದೆ, ವಿವರ ಕೊಡಿ’ ಎಂದರೆ ನಂಬಿಕೆ ಬರುವುದು ಸಹಜ. ಅಂಥ ಹೊತ್ತಿನಲ್ಲಿ ಶಾಖೆಗೆ ಒಮ್ಮೆ ನಡೆದು ಹೋಗಿ ಬರುವುದರಲ್ಲಿ ನಷ್ಟವೇನೂ ಇಲ್ಲ.

ಮಗನ ಆಟ, ಅಪ್ಪನ ಖಾತೆ

ಆ ಮನೆಯಲ್ಲಿ ಇನ್ನೊಂದು ತೂತು ಇತ್ತು. ಅದು ಪೆನ್ ಡ್ರೈವ್‌ನಲ್ಲಿ ಬಂದ ಆಟ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬೀಗ ಮುರಿದು ಪುಕ್ಕಟೆ ಹಂಚುವುದುಂಟು. ಹಂಚುವವನಿಗೆ ಏನು ಲಾಭ ಎಂದು ಹುಡುಗರು ಕೇಳಿಕೊಳ್ಳುವುದಿಲ್ಲ. ಎಷ್ಟೋ ಸಲ ಅದರೊಳಗೆ ಇನ್ನೊಂದು ತಂತ್ರಾಂಶ ಅಡಗಿರುತ್ತದೆ. ಅದು ಕೀಲಿಮಣೆಯಲ್ಲಿ ಒತ್ತಿದ ಪ್ರತಿ ಅಕ್ಷರವನ್ನೂ ಕದ್ದು ಬರೆದುಕೊಂಡು ಬೇರೆಲ್ಲಿಗೋ ಕಳಿಸುತ್ತದೆ. ಮಧ್ಯಾಹ್ನ ಮಗ ಆಡಿದ ಆಟ ಸಂಜೆ ಅಪ್ಪನ ಪಾಸ್‌ವರ್ಡ್ ಕದಿಯುವುದು ಹೀಗೆ.

ಹಾಗೆಂದು ಮಗನನ್ನು ಬೈದು ಗಣಕಕ್ಕೆ ಬಟ್ಟೆ ಹೊದಿಸಬೇಕಾಗಿಲ್ಲ. ಒಂದೇ ಗಣಕದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರವೇಶ ಮಾಡಿಕೊಳ್ಳುವ ಅನುಕೂಲ ವಿಂಡೋಸ್‌ನಲ್ಲಿಯೇ ಇದೆ. ಹೊಸ ತಂತ್ರಾಂಶ ಹಾಕುವ ಅಧಿಕಾರ ಒಬ್ಬರ ಕೈಯಲ್ಲಿರಲಿ; ಉಳಿದವರದು ಸಾಮಾನ್ಯ ಪ್ರವೇಶವಾಗಿರಲಿ. ಹಾಗಿದ್ದರೆ ಕಳ್ಳ ತಂತ್ರಾಂಶಕ್ಕೆ ಗಣಕದ ತುಂಬ ಬೇರು ಬಿಡುವುದು ಕಷ್ಟವಾಗುತ್ತದೆ.

ಹಳೆಯ ಗಣಕ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮುಗಿಯಿತು. ಅಂದರೆ ಅವುಗಳಲ್ಲಿ ಹೊಸದಾಗಿ ಕಂಡ ಬಿರುಕಿಗೆ ತೇಪೆ ಹಾಕುವ ಸಾಮಾನ್ಯ ವ್ಯವಸ್ಥೆ ನಿಂತಿದೆ. ಅಂಥ ಗಣಕದಲ್ಲಿ ಪಾಠ ಓದಬಹುದು, ಟಿಪ್ಪಣಿ ಬರೆಯಬಹುದು. ಬ್ಯಾಂಕ್ ವ್ಯವಹಾರ ಮಾತ್ರ ಬೇಡ. ಗಣಕ ಸೋಂಕಿಗೆ ಸಿಕ್ಕಿದೆ ಎಂಬ ಅನುಮಾನವಿದ್ದರೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಅದನ್ನು ತೊಳೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ.

‘ನಿಮ್ಮ ಗಣಕ ಸರಿ ಮಾಡಿಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ಫೋನಿನಲ್ಲಿ ಹೇಳುವವರ ವಿಷಯದಲ್ಲೂ ಎಚ್ಚರ ಬೇಕು. ದೂರದಿಂದ ಇನ್ನೊಬ್ಬರ ಪರದೆಯನ್ನು ನಡೆಸುವ ತಂತ್ರಾಂಶಗಳು ಒಳ್ಳೆಯ ಕೆಲಸಕ್ಕೆಂದೇ ಹುಟ್ಟಿದವು. ಆದರೆ ಮೋಸಗಾರರು ಅವನ್ನು ಬಳಸುತ್ತಿರುವುದನ್ನು ಕಂಡು 2019ರ ಫೆಬ್ರುವರಿಯಲ್ಲಿಯೇ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿತ್ತು. ಗುರುತಿಲ್ಲದವನಿಗೆ ಪರದೆ ಒಪ್ಪಿಸುವುದೂ ಬೀರುವಿನ ಬೀಗದ ಕೈ ಕೊಡುವುದೂ ಒಂದೇ.

ಇನ್ನು ಪಾಸ್‌ವರ್ಡ್. ಹುಟ್ಟಿದ ದಿನ, ಗಾಡಿಯ ಸಂಖ್ಯೆ, ಮಕ್ಕಳ ಹೆಸರು ಇವು ಯಾವುವೂ ಆಗದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ, ನಡುವೆ ಅಂಕಿ, ಚಿಹ್ನೆ ಸೇರಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಬ್ಯಾಂಕಿನ ಪಾಸ್‌ವರ್ಡ್ ಬೇರೆಲ್ಲೂ ಬಳಕೆಯಾಗಬಾರದು. ಇ-ಮೇಲ್ ಪಾಸ್‌ವರ್ಡನ್ನೂ ಅಷ್ಟೇ ಜೋಪಾನ ಮಾಡಬೇಕು. ಬಂಗಾರಪೇಟೆಯ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿ ಪ್ರಿಂಟ್ ತೆಗೆಸಿಕೊಳ್ಳುವುದು ಸರಿ. ಅಲ್ಲಿನ ಗಣಕದಲ್ಲಿ ಬ್ಯಾಂಕ್ ಖಾತೆ ತೆರೆದು ನೋಡುವುದು ಸರಿಯಲ್ಲ.

ತೂಬು ಎಷ್ಟು ಎತ್ತಬೇಕು?

ಜಾಣ ನೀರುಗಂಟಿ ತೂಬನ್ನು ಪೂರ್ತಿ ಎತ್ತುವುದಿಲ್ಲ, ಬೇಕಾದಷ್ಟೇ ಎತ್ತುತ್ತಾನೆ. ದಿನಕ್ಕೆ ಎಷ್ಟು ಹಣ ಹೊರಹೋಗಬಹುದು ಎಂಬ ಮಿತಿಯನ್ನು ಅನೇಕ ಬ್ಯಾಂಕುಗಳಲ್ಲಿ ಗ್ರಾಹಕರೇ ಇಳಿಸಿಕೊಳ್ಳಬಹುದು. ಫೀಸು ಕಟ್ಟುವ ದಿನ ಏರಿಸಿ, ಮರುದಿನ ಇಳಿಸಿದರಾಯಿತು. ಇನ್ನೂ ಒಳ್ಳೆಯದೆಂದರೆ ಎರಡು ಖಾತೆ ಇಟ್ಟುಕೊಳ್ಳುವುದು. ಉಳಿತಾಯದ ದೊಡ್ಡ ಮೊತ್ತ ಒಂದರಲ್ಲಿರಲಿ, ಅದಕ್ಕೆ ನೆಟ್ ಬ್ಯಾಂಕಿಂಗ್ ಬೇಡ. ಇನ್ನೊಂದರಲ್ಲಿ ತಿಂಗಳ ಖರ್ಚಿನಷ್ಟೇ ಇರಲಿ.

ಹೊಸಬರಿಗೆ ಹಣ ಕಳಿಸುವಾಗ ಖಾತೆಯ ಸಂಖ್ಯೆಯ ಜೊತೆಗೆ ಹೆಸರನ್ನೂ ಹೋಲಿಸಿ ನೋಡಬೇಕು. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಕಳಿಸುವ ಮುನ್ನವೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಕಾಲೇಜಿನ ಫೀಸೆಂದು ಕಟ್ಟುವಾಗ ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಅದನ್ನೂ ಹಗುರವಾಗಿ ಕಾಣಬಾರದು. ನಿಮ್ಮ ಸಂಖ್ಯೆಗೆ ಬೇರೊಬ್ಬ ಸಿಮ್ ಪಡೆದಿದ್ದರೆ ಒಟಿಪಿಗಳೆಲ್ಲ ಅವನಿಗೆ ಹೋಗುತ್ತವೆ.

ವಿದ್ಯಾರ್ಥಿಗಳೇ, ಖಾತೆ ಬಾಡಿಗೆಗಲ್ಲ

ಕದ್ದ ಹಣ ಕಳ್ಳನ ಹೆಸರಿನ ಖಾತೆಗೆ ಹೋಗುವುದಿಲ್ಲ. ಅದು ಮೊದಲು ಸೇರುವುದು ಯಾರೋ ಅಮಾಯಕರ ಖಾತೆಗೆ. ಹಾಸ್ಟೆಲ್ ಹುಡುಗನ ಹತ್ತಿರ ಪರಿಚಯದವನೊಬ್ಬ ಬಂದು, “ನಿನ್ನ ಅಕೌಂಟು, ಎಟಿಎಂ ಕಾರ್ಡು ಒಂದು ತಿಂಗಳು ಕೊಡು ಗುರು, ಐದು ಸಾವಿರ ಕೊಡ್ತೀನಿ” ಎನ್ನುತ್ತಾನೆ. ಇಲ್ಲವೇ, “ನಿನ್ನ ಖಾತೆಗೆ ದುಡ್ಡು ಬರುತ್ತೆ, ಕಮಿಷನ್ ಹಿಡಿದು ಮುಂದಕ್ಕೆ ಕಳಿಸು, ಅಷ್ಟೇ ಕೆಲಸ” ಎನ್ನುತ್ತಾನೆ. ಹುಡುಗನಿಗೆ ಅದು ಪುಡಿಗಾಸಿನ ದಾರಿ. ಆದರೆ ಪೊಲೀಸರು ಹಣದ ಜಾಡು ಹಿಡಿದು ಮೊದಲು ಬಡಿಯುವುದು ಅವನ ಮನೆಯ ಬಾಗಿಲನ್ನೇ.

ಖಾತೆ ಸ್ಥಗಿತವಾಗುತ್ತದೆ. ವಿದ್ಯಾರ್ಥಿವೇತನ ಬರುವುದೂ ಅದೇ ಖಾತೆಗಾದರೆ ಅದಕ್ಕೂ ಸಂಚಕಾರ. ಮುಂದೆ ಪಾಸ್‌ಪೋರ್ಟ್, ಸರ್ಕಾರಿ ಕೆಲಸ ಎಂದಾಗ ಪೊಲೀಸ್ ಪರಿಶೀಲನೆಯಲ್ಲಿ ಪ್ರಕರಣ ತಲೆ ಎತ್ತುತ್ತದೆ. ಬೇರೆಯವರ ಸೋಗಿನಲ್ಲಿ ಗಣಕದ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕೆ ನೆರವಾದವನಿಗೂ ತನಿಖೆ ತಪ್ಪಿದ್ದಲ್ಲ. ಇಂಥ ಬಾಡಿಗೆ ಖಾತೆಗಳನ್ನು ಪತ್ತೆಹಚ್ಚಲೆಂದೇ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್ ‘ಮ್ಯೂಲ್ ಹಂಟರ್’ ಎಂಬ ವ್ಯವಸ್ಥೆಯನ್ನು ರೂಪಿಸಿದೆ. ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯ ಯಾರಿಗೂ ಬೇಡ.

ಮೊದಲ ಗಂಟೆಯೇ ಚಿನ್ನ

ಮತ್ತೆ ಆ ಮನೆಗೆ ಬರೋಣ. ಹಣ ಹೋಗಿದೆ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಊರಲ್ಲಿ ಗೊತ್ತಾದರೆ ನಗುತ್ತಾರೆಂಬ ನಾಚಿಕೆ ಬೇರೆ. ‘ಬೆಳಿಗ್ಗೆ ಬ್ಯಾಂಕಿಗೆ ಹೋದರಾಯಿತು’ ಎನ್ನುತ್ತಾರೆ ಅಮ್ಮ. ಇಲ್ಲಿಯೇ ಹೆಚ್ಚಿನವರು ಎಡವುವುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದೆಂದರೆ ಆ ಗಳಿಗೆಯಲ್ಲೇ ಮಾಡಬೇಕಾದ ಕೆಲಸಗಳಿವೆ.

ಮಗಳು ಮೊದಲು 1930ಕ್ಕೆ ಫೋನ್ ಮಾಡುತ್ತಾಳೆ. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ದೂರು ದಾಖಲಾದೊಡನೆ ಹಣ ಹೋದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ಜಿಗಿದಿದ್ದರೆ ಅಲ್ಲಿಗೆ ಬೆನ್ನಟ್ಟುತ್ತಾರೆ. ಕಳ್ಳ ಎಟಿಎಂನಿಂದ ನೋಟು ತೆಗೆದ ಮೇಲೆ ಬೆನ್ನಟ್ಟಲು ಏನೂ ಉಳಿಯದು. ಆದ್ದರಿಂದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಬ್ಯಾಂಕಿನ ಸಹಾಯವಾಣಿಗೆ ತಿಳಿಸಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ಬೇರೊಂದು ಶುದ್ಧವಾದ ಗಣಕದಿಂದ ಪಾಸ್‌ವರ್ಡ್ ಬದಲಿಸಬೇಕು. ಬಂದ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷಿ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲಿನಲ್ಲಿ ವಿವರ ಕೊಟ್ಟು, ಪೊಲೀಸರಿಗೂ ಲಿಖಿತ ದೂರು ನೀಡಬೇಕು.

ನಷ್ಟ ಯಾರದು ಎಂಬ ಪ್ರಶ್ನೆಗೂ ಇಲ್ಲಿ ಸಮಯವೇ ಅಳತೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಇದಕ್ಕೊಂದು ಕ್ರಮ ಹಾಕಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ಹೊಣೆಯಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊಣೆ ಗರಿಷ್ಠ 10,000 ರೂಪಾಯಿ. ಆದರೆ ಗ್ರಾಹಕರೇ ಒಟಿಪಿ, ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ನಂತರದ್ದು ಬ್ಯಾಂಕಿನದು. ಆ ಮನೆಯ ಅಪ್ಪ ನಿಂತಿರುವುದು ಈ ಕೊನೆಯ ಸಾಲಿನಲ್ಲಿ. ಅವರಿಗೆ ಹಣ ಮರಳುವ ಭರವಸೆ ಇರುವುದು ಮಗಳ ಆ ಫೋನಿನಲ್ಲಿ ಮಾತ್ರ. ನಿಯಮಗಳು ಆಗಾಗ ಪರಿಷ್ಕಾರವಾಗುವುದರಿಂದ ಚಾಲ್ತಿಯಲ್ಲಿರುವುದನ್ನು ಶಾಖೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಮೇಲು.

ಹಾಗೆಂದು ಬ್ಯಾಂಕಿನ ಕರ್ತವ್ಯ ಮುಗಿಯಿತೆಂದಲ್ಲ. ನೆರೆಯ ತಮಿಳುನಾಡಿನಲ್ಲಿ, ಅಬುಧಾಬಿಯಲ್ಲಿ ದುಡಿಯುತ್ತಿದ್ದ ಗ್ರಾಹಕರೊಬ್ಬರು ಮೋಸದ ಇ-ಮೇಲ್‌ಗೆ ಉತ್ತರಿಸಿ ಹಣ ಕಳೆದುಕೊಂಡಿದ್ದರು. ಬ್ಯಾಂಕೂ ಸಾಕಷ್ಟು ಎಚ್ಚರ ವಹಿಸಲಿಲ್ಲವೆಂದು, ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ತೀರ್ಪು ನೀಡುವ ಅಧಿಕಾರಿ 2010ರ ಏಪ್ರಿಲ್‌ನಲ್ಲಿ 12.85 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದರು. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು. ಕಾಗದ ಪತ್ರ ಜೋಪಾನವಾಗಿಟ್ಟುಕೊಂಡವರಿಗೆ ದಾರಿ ಇದ್ದೇ ಇದೆ.

ಗೋಡೆಗೆ ಅಂಟಿಸಿಡಿ

• ಸಂದೇಶದ ಕೊಂಡಿಯಿಂದ ಬ್ಯಾಂಕಿಗೆ ಹೋಗಬೇಡಿ. ವಿಳಾಸದ ಕೊನೆ ನೋಡಿ.
• ಒಟಿಪಿ ಸಂದೇಶವನ್ನು ಪೂರ್ತಿ ಓದಿ. ಅಂಕಿಗೆ ಮುಂಚೆ ಅಕ್ಷರ.
• ‘ಈಗಲೇ, ಇವತ್ತೇ’ ಎಂದು ಅವಸರಿಸುವವರ ಮೇಲೆ ಅನುಮಾನವಿರಲಿ. ಹತ್ತು ನಿಮಿಷ ತಡೆದು ಮನೆಯವರನ್ನು ಕೇಳಿ.
• ಪೊಲೀಸರು ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ.
• ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡಿ. ಕಿಟಕಿ ಮುಚ್ಚಿದರಷ್ಟೇ ಸಾಲದು.
• ಖಾತೆ, ಕಾರ್ಡು, ಸಿಮ್ ಯಾರಿಗೂ ಬಾಡಿಗೆ ಕೊಡಬೇಡಿ.
• ಮೋಸವಾದರೆ ತಕ್ಷಣ 1930.

ಕೊನೆಯದಾಗಿ ತಂದೆತಾಯಂದಿರಿಗೊಂದು ಮಾತು. ಮೋಸ ಹೋದದ್ದನ್ನು ಮಕ್ಕಳು ಹೇಳಿಕೊಂಡರೆ ಮೊದಲು ಬೈಯಬೇಡಿ. ಬೈಗುಳದ ಹೆದರಿಕೆಯಿಂದ ಮುಚ್ಚಿಟ್ಟ ಒಂದು ಗಂಟೆಯಲ್ಲೇ ಹಣ ಊರು ದಾಟಿರುತ್ತದೆ. ಮಕ್ಕಳೂ ಅಷ್ಟೇ, ‘ನಿಮಗೇನೂ ಗೊತ್ತಾಗಲ್ಲ ಬಿಡಿ’ ಎಂದು ಅಪ್ಪ ಅಮ್ಮನನ್ನು ದೂರ ಕೂರಿಸದೆ, ಪಕ್ಕದಲ್ಲಿ ಕುಳಿತು ಒಂದು ಸಂಜೆ ಕಲಿಸಿಕೊಡಬೇಕು. ಕೆರೆಗೆ ಒಬ್ಬನೇ ನೀರುಗಂಟಿ ಸಾಕಿತ್ತು. ಮನೆಯ ಈ ತೂಬಿಗೆ ಮಾತ್ರ ಮನೆಮಂದಿಯೆಲ್ಲರೂ ನೀರುಗಂಟಿಗಳೇ ಆಗಬೇಕು.